ಗಿಟ್‌ನಲ್ಲಿ ಬಗ್ ಕಂಡರೆ ಯಾರಿಗೆ ಹೇಳಬೇಕು? ಹೊಸ ಸೌಲಭ್ಯ ಬೇಕಿದ್ದರೆ ಹೇಗೆ ಕೇಳಬೇಕು?

ಫೈಲುಗಳಲ್ಲಿ ಆದ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್ ಗಿಟ್ ಬಗ್ಗೆ ನೀವು ಎರಡು ವಿಷಯ ಕೇಳಿದ್ದೀರಿ. ಒಂದು, ಫೈಲಿಗೆ ಕನ್ನಡದಲ್ಲಿ ‘ಕಾಫಿ’ ಎಂದು ಹೆಸರಿಟ್ಟರೆ ಬದಲಾದ ಫೈಲುಗಳ ಪಟ್ಟಿ ತೋರಿಸುವ ಗಿಟ್ ಸ್ಟೇಟಸ್‌ನಲ್ಲಿ ಹೆಸರಿನ ಬದಲು ಉದ್ದಕ್ಕೆ ಅಂಕಿಗಳು ಬರುತ್ತವೆ, ಇದು ಬಗ್ ತಾನೇ ಎಂದು. ಇನ್ನೊಂದು, ಗೋಣಿಕೊಪ್ಪದಲ್ಲಿ ಮಳೆಗಾಲದಲ್ಲಿ ದೊಡ್ಡ ರೆಪೊ (ಪ್ರಾಜೆಕ್ಟಿನ ಫೈಲುಗಳು, ಅವುಗಳ ಇತಿಹಾಸ ಎಲ್ಲ ಇರುವ ಸಂಗ್ರಹ) ಕ್ಲೋನ್ ಮಾಡುವಾಗ, ಅಂದರೆ ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ, ನೆಟ್ ಹೋದರೆ ಮತ್ತೆ ಮೊದಲಿಂದ ಶುರು ಮಾಡಬೇಕು, ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಬೇಕು ಎಂದು ಯಾರಿಗೆ ಬರೆಯಬೇಕು, ನಮ್ಮಂಥವರು ಬರೆದರೆ ಓದುತ್ತಾರಾ ಎಂದು.

ಓದುತ್ತಾರೆ. ನಾನು ಸೋಮವಾರಪೇಟೆ ಕಡೆಯವಳು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಬೇರೆಯವರು ಕಳಿಸಿದ ಬಗ್ ರಿಪೋರ್ಟ್ ಓದುವುದು ನನ್ನ ದಿನದ ಕೆಲಸ. ಬರೆದವರು ಯಾವ ಊರು, ಇಂಗ್ಲಿಷ್ ಎಷ್ಟು ಚೆನ್ನಾಗಿದೆ ಎಂದು ಯಾರೂ ನೋಡುವುದಿಲ್ಲ. ಅವರು ಕಂಡದ್ದು ನನ್ನ ಕಂಪ್ಯೂಟರಿನಲ್ಲೂ ಕಾಣುತ್ತದಾ ಎನ್ನುವುದೊಂದೇ ಮುಖ್ಯ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೆ ಹೋಗಿ ‘ಗಿಡ ಚೆನ್ನಾಗಿಲ್ಲ’ ಎಂದರೆ ಅವರೇನು ಹೇಳಲು ಸಾಧ್ಯ? ಕಾಂಡಕೊರಕ ತಿಂದ ರೆಂಬೆ ಕೈಯಲ್ಲಿದ್ದರೆ ಮಾತು ಶುರುವಾಗುತ್ತದೆ.

ಮೊದಲು ನಿಮ್ಮ ಅಂಕಿಗಳ ವಿಷಯ ನೋಡೋಣ. ನೀವು ಹಾಕಿದ ಸಾಲು \340\262\225 ಎಂದು ಶುರುವಾಗಿದೆ. ಅದು ‘ಕ’ ಅಕ್ಷರವೇ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ಗೆ ಮೂರು ಬೈಟ್ ಬೇಕು, ಆ ಮೂರು ಬೈಟುಗಳನ್ನು ಆಕ್ಟಲ್‌ನಲ್ಲಿ (ಎಂಟರ ಎಣಿಕೆಯಲ್ಲಿ) ಬರೆದರೆ 340, 262, 225. ಮುಂದಿನ \340\262\276 ದೀರ್ಘದ ಗುರುತು. ಅಂದರೆ ನಿಮ್ಮ ಫೈಲಿನ ಹೆಸರು ಒಳಗೆ ಸರಿಯಾಗಿಯೇ ಇದೆ, ಏನೂ ಹಾಳಾಗಿಲ್ಲ. ಯಾವ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಯಾವ ಅಕ್ಷರ ತೋರಿಸುತ್ತದೋ ಗೊತ್ತಿಲ್ಲದ ಕಾರಣ, ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಗಿಟ್ ಹೀಗೆ ಬಿಡಿಸಿ ತೋರಿಸುತ್ತದೆ. ಕೋರ್.ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಗಿಟ್ ಕಾನ್ಫಿಗ್ ಕಮಾಂಡಿನಿಂದ ಫಾಲ್ಸ್ ಮಾಡಿ. ‘ಕಾಫಿ’ ಎಂದೇ ಕಾಣುತ್ತದೆ.

ಹಾಗಾಗಿ ಇದು ಬಗ್ ಅಲ್ಲ. ಮಾಡಿದವರು ಬೇಕೆಂದೇ ಹೀಗೆ ಇಟ್ಟಿದ್ದಾರೆ, ಮ್ಯಾನ್ಯುಯಲ್‌ನಲ್ಲೂ ಬರೆದಿದ್ದಾರೆ. ಕನ್ನಡದಲ್ಲಿ ಹೆಸರಿಡುವ ನಮಗೆ ಇದು ಕಿರಿಕಿರಿ, ನಿಜ. ಮೊದಲಿಂದಲೇ ಕನ್ನಡ ಕಾಣಲಿ ಎಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ಆದರೆ ಅದನ್ನು ‘ಬಗ್’ ಎಂದು ಕಳಿಸಬೇಡಿ, ‘ಕೋರಿಕೆ’ ಎಂದು ಕಳಿಸಿ. ಕಳಿಸುವ ಮೊದಲು ಮ್ಯಾನ್ಯುಯಲ್‌ನಲ್ಲಿ ಒಮ್ಮೆ, ಹಳೆಯ ಚರ್ಚೆಗಳಲ್ಲಿ ಒಮ್ಮೆ ಹುಡುಕಿ. ನಿಮ್ಮ ಗಿಟ್ ವರ್ಷನ್ ಹಳೆಯದಾಗಿದ್ದರೆ ಹೊಸದನ್ನು ಹಾಕಿಕೊಂಡು ಮತ್ತೆ ನೋಡಿ. ಉಬುಂಟು ಜೊತೆ ಬರುವ ಗಿಟ್ ಎಷ್ಟೋ ಸಲ ಹಿಂದಿನದಾಗಿರುತ್ತದೆ.

ಇನ್ನೊಂದು ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಗಿಟ್ ಬೇರೆ, ಗಿಟ್‌ಹಬ್ ಬೇರೆ. ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಶುರು ಮಾಡಿದರು. ಅದೇ ವರ್ಷ ಜುಲೈಯಿಂದ ಜೂನಿಯೊ ಹಮಾನೊ ನೋಡಿಕೊಳ್ಳುತ್ತಿದ್ದಾರೆ. ಗಿಟ್‌ಹಬ್ ರೆಪೊಗಳನ್ನು ಇಡಲು ಜಾಗ ಕೊಡುವ ಒಂದು ಕಂಪನಿಯ ಸೈಟ್. ಅಲ್ಲಿನ ಪುಟ ಕೆಟ್ಟರೆ ಗಿಟ್‌ನವರು ಏನೂ ಮಾಡುವಂತಿಲ್ಲ. ಎಡಿಟರಿನ ಒಳಗಿನ ಬಟನ್ ಕೆಲಸ ಮಾಡದಿದ್ದರೆ ಅದೇ ಕಮಾಂಡನ್ನು ಟರ್ಮಿನಲ್‌ನಲ್ಲಿ ಕೊಟ್ಟು ನೋಡಿ. ಅಲ್ಲಿ ಸರಿ ಹೋದರೆ ತೊಂದರೆ ಎಡಿಟರಿನದು. ವಿಂಡೋಸ್‌ನಲ್ಲಿ ಮಾತ್ರ ಬರುವ ಬಗ್ ಆದರೆ ಗಿಟ್ ಫಾರ್ ವಿಂಡೋಸ್ ಎಂಬ ಬೇರೆ ತಂಡ ಇದೆ, ಅವರು ಗಿಟ್‌ಹಬ್‌ನಲ್ಲೇ ಇಶ್ಯೂ (ದೂರು) ತೆಗೆದುಕೊಳ್ಳುತ್ತಾರೆ. ಮೂಲ ಗಿಟ್‌ನ ಬಗ್ ಆದರೆ ಅವರ ಮೇಲಿಂಗ್ ಲಿಸ್ಟ್‌ಗೆ, ಅಂದರೆ ಎಲ್ಲರೂ ಓದುವ ಸಾಮೂಹಿಕ ವಿಳಾಸಕ್ಕೆ, ಇಮೇಲ್ ಕಳಿಸಬೇಕು. ವಿಳಾಸ ಗಿಟ್‌ನ ಅಧಿಕೃತ ಸೈಟಿನ ಕಮ್ಯುನಿಟಿ ಪುಟದಲ್ಲಿದೆ.

ನಿಜವಾದ ಬಗ್ ಸಿಕ್ಕಿತು ಎಂದಿಟ್ಟುಕೊಳ್ಳಿ. ಟರ್ಮಿನಲ್‌ನಲ್ಲಿ ‘ಗಿಟ್ ಬಗ್‌ರಿಪೋರ್ಟ್’ ಎಂಬ ಕಮಾಂಡ್ ಕೊಡಿ. 2020ರಲ್ಲಿ ಬಂದ 2.27 ವರ್ಷನ್‌ನಿಂದ ಇದು ಇದೆ, ಆದರೂ ತುಂಬಾ ಜನಕ್ಕೆ ಗೊತ್ತಿಲ್ಲ. ಅದು ಒಂದು ಟೆಕ್ಸ್ಟ್ ಫೈಲ್ ಮಾಡಿ ಎಡಿಟರಿನಲ್ಲಿ ತೆರೆಯುತ್ತದೆ. ಬಗ್ ಕಾಣುವ ಮೊದಲು ಏನು ಮಾಡಿದಿರಿ, ಏನಾಗುತ್ತದೆ ಅಂದುಕೊಂಡಿದ್ದಿರಿ, ಆದದ್ದೇನು, ಎರಡಕ್ಕೂ ವ್ಯತ್ಯಾಸವೇನು ಎಂದು ಅದರಲ್ಲಿ ಕೇಳಿರುತ್ತಾರೆ. ಕೆಳಗೆ ನಿಮ್ಮ ಗಿಟ್ ವರ್ಷನ್, ಆಪರೇಟಿಂಗ್ ಸಿಸ್ಟಂ, ಯಾವ ಹುಕ್‌ಗಳು (ಗಿಟ್ ತಾನಾಗಿ ಓಡಿಸುವ ಸ್ಕ್ರಿಪ್ಟುಗಳು) ಚಾಲೂ ಇವೆ ಎಂಬುದನ್ನೆಲ್ಲ ಅದೇ ತುಂಬಿರುತ್ತದೆ. ತಾನಾಗಿ ಎಲ್ಲಿಗೂ ಕಳಿಸುವುದಿಲ್ಲ. ನೀವೇ ಓದಿ, ಬೇಡದ್ದನ್ನು ಅಳಿಸಿ, ಮೇಲ್ ಮಾಡಬೇಕು. ಪಾಸ್‌ವರ್ಡ್, ಟೋಕನ್, ಆಫೀಸಿನ ಸರ್ವರ್ ಹೆಸರು ಏನಾದರೂ ಸೇರಿದೆಯಾ ಎಂದು ಕಣ್ಣಿಟ್ಟು ನೋಡಿ. ಅಲ್ಲಿಗೆ ಹೋದ ಮೇಲ್ ಎಲ್ಲರಿಗೂ ಕಾಣುತ್ತದೆ, ಆಮೇಲೆ ವಾಪಸ್ ತೆಗೆಯಲು ಆಗುವುದಿಲ್ಲ. ಬೇರೆಯವರು ದುರುಪಯೋಗ ಮಾಡಬಹುದಾದ ಸೆಕ್ಯುರಿಟಿ ಲೋಪ ಕಂಡರೆ ಮಾತ್ರ ಇಲ್ಲಿಗೆ ಬರೆಯಲೇಬೇಡಿ, ಅದಕ್ಕೆ ಬೇರೆ ಖಾಸಗಿ ವಿಳಾಸ ಇದೆ.

ಆ ಫೈಲಿನ ಮೊದಲ ಪ್ರಶ್ನೆಗೆ, ಅಂದರೆ ಏನು ಮಾಡಿದಿರಿ ಎಂಬುದಕ್ಕೆ, ಉತ್ತರ ಬರೆಯಲು ಜಾಸ್ತಿ ಸಮಯ ಕೊಡಿ. ‘ಮರ್ಜ್ ಮಾಡಿದೆ, ಕೆಟ್ಟುಹೋಯಿತು’ ಎಂದರೆ ಯಾರಿಗೂ ಉಪಯೋಗವಿಲ್ಲ. ನಿಮ್ಮ ದೊಡ್ಡ ಪ್ರಾಜೆಕ್ಟ್ ಬಿಟ್ಟು, ಖಾಲಿ ಫೋಲ್ಡರಿನಲ್ಲಿ ಗಿಟ್ ಇನಿಟ್ ಕಮಾಂಡಿನಿಂದ ಹೊಸ ರೆಪೊ ಮಾಡಿ. ಎರಡು ಸಾಲಿನ ಒಂದು ಫೈಲ್, ಒಂದು ಕಮಿಟ್ (ದಾಖಲಿಸಿದ ಬದಲಾವಣೆ), ಒಂದು ಬ್ರಾಂಚ್ (ಬದಲಾವಣೆಗಳ ಪ್ರತ್ಯೇಕ ಸಾಲು). ಅದೇ ತೊಂದರೆ ಬರುವವರೆಗೆ ಒಂದೊಂದೇ ಕಮಾಂಡ್ ಸೇರಿಸುತ್ತಾ ಹೋಗಿ. ಬಂದ ಮೇಲೆ ಒಂದೊಂದೇ ತೆಗೆಯುತ್ತಾ ಬನ್ನಿ. ಕೊನೆಗೆ ಉಳಿದ ಐದಾರು ಕಮಾಂಡುಗಳೇ ನಿಮ್ಮ ರಿಪೋರ್ಟ್. ಓದುವವರು ಅದನ್ನು ಹಾಗೇ ಕಾಪಿ ಮಾಡಿ ತಮ್ಮಲ್ಲಿ ಓಡಿಸುತ್ತಾರೆ. ಎರರ್ ಬಂದರೆ ಸ್ಕ್ರೀನ್‌ಶಾಟ್ ಬೇಡ, ಅಕ್ಷರಶಃ ಟೆಕ್ಸ್ಟ್ ಆಗಿ ಹಾಕಿ, ಆಮೇಲೆ ಹುಡುಕುವವರಿಗೂ ಸಿಗುತ್ತದೆ. ಹಿಂದಿನ ವರ್ಷನ್‌ನಲ್ಲಿ ಸರಿಯಿತ್ತು, ಈಗ ಕೆಟ್ಟಿದೆ ಎಂದು ಗೊತ್ತಿದ್ದರೆ ಎರಡೂ ವರ್ಷನ್ ನಂಬರ್ ಬರೆಯಿರಿ. ಆ ಒಂದು ಸಾಲಿನಿಂದ ಹುಡುಕುವವರ ಅರ್ಧ ಕೆಲಸ ಉಳಿಯುತ್ತದೆ.

ಮೇಲ್ ಪ್ಲೇನ್ ಟೆಕ್ಸ್ಟ್ ಆಗಿರಬೇಕು. ಬಣ್ಣ, ದಪ್ಪ ಅಕ್ಷರ ಇರುವ ಎಚ್‌ಟಿಎಂಎಲ್ ಮೇಲನ್ನು ಅವರ ಸರ್ವರ್ ತಗೊಳ್ಳುವುದಿಲ್ಲ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ತೆರೆದು ಪ್ಲೇನ್ ಟೆಕ್ಸ್ಟ್ ಮೋಡ್ ಆರಿಸಿ. ಉತ್ತರ ಬಂದರೆ ‘ರಿಪ್ಲೈ ಆಲ್’ ಒತ್ತಿ.

ಈಗ ಕ್ಲೋನ್ ವಿಷಯ. ಇದು ನನಗೂ ಚೆನ್ನಾಗಿ ಗೊತ್ತಿರುವ ಕಷ್ಟ. ಜುಲೈಯಲ್ಲಿ ಮರ ಬಿದ್ದು ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್ ಹೋಗುತ್ತದೆ. ‘ರಿಸೀವಿಂಗ್ ಆಬ್ಜೆಕ್ಟ್ಸ್’ 70% ದಾಟಿರುತ್ತದೆ, ಅಷ್ಟರಲ್ಲಿ ‘ಅರ್ಲಿ ಇಒಎಫ್’ (ಪೂರ್ತಿ ಬರುವ ಮೊದಲೇ ಮುಗಿಯಿತು) ಎಂದು ಬರುತ್ತದೆ. ಬಂದಷ್ಟನ್ನೂ ಗಿಟ್ ಅಳಿಸಿಬಿಡುತ್ತದೆ. ಫೋನಿನಲ್ಲಿ ಸಿನಿಮಾ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುವಾಗ ಇದೇಕೆ ಆಗಲ್ಲ ಎಂದು ಅನ್ನಿಸುವುದು ಸಹಜ. ಕಾರಣ ಇದೆ. ಸರ್ವರ್‌ನಲ್ಲಿ ಸಿದ್ಧವಾದ ಒಂದು ಫೈಲ್ ಇರುವುದಿಲ್ಲ. ನೀವು ಕೇಳಿದಾಗ ನಿಮಗೆ ಬೇಕಾದ ಆಬ್ಜೆಕ್ಟುಗಳನ್ನು (ಫೈಲು, ಕಮಿಟ್ ಮುಂತಾದ ತುಣುಕುಗಳನ್ನು) ಸೇರಿಸಿ ಆಗಲೇ ಒಂದು ಪ್ಯಾಕ್ ಕಟ್ಟಿ ಕಳಿಸುತ್ತದೆ. ಮತ್ತೆ ಕೇಳಿದರೆ ಮತ್ತೆ ಕಟ್ಟುತ್ತದೆ, ಎರಡೂ ಬೈಟ್ ಬೈಟಿಗೆ ಒಂದೇ ಆಗಿರುತ್ತದೆ ಎಂಬ ಖಾತ್ರಿ ಇಲ್ಲ. ಹಾಗಾಗಿ ‘70% ನಿಂದ ಮುಂದೆ ಕೊಡು’ ಎಂದು ಕೇಳಿದರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಇದನ್ನು ಹಿಂದೆಯೂ ಜನ ಕೇಳಿದ್ದಾರೆ. ಅದಕ್ಕೇ ನೀವು ‘ರೆಸ್ಯೂಮ್ ಸೌಲಭ್ಯ ಕೊಡಿ’ ಎಂದು ಸುಮ್ನೆ ಒಂದು ಸಾಲು ಬರೆದರೆ ಹಳೆಯ ಚರ್ಚೆ ತೋರಿಸಿ ಮುಗಿಸುತ್ತಾರೆ. ಪರಿಹಾರ ಹೇಳಬೇಡಿ, ಕಷ್ಟ ಹೇಳಿ. ನಿಮ್ಮಲ್ಲಿ ನೆಟ್ ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ, ರೆಪೊ ಎಷ್ಟು ದೊಡ್ಡದು, ಎಲ್ಲಿ ನಿಲ್ಲುತ್ತದೆ, ಈಗಿರುವ ದಾರಿಗಳಲ್ಲಿ ಯಾವುದು ಪ್ರಯತ್ನಿಸಿದಿರಿ, ಅದು ಎಲ್ಲಿ ಸಾಲಲಿಲ್ಲ. ಒಳ್ಳೆಯ ಫೈಬರ್ ಇರುವ ಊರಲ್ಲಿ ಕೂತು ಕೋಡ್ ಬರೆಯುವವರಿಗೆ ಇದು ಕಾಣುವುದೇ ಇಲ್ಲ. ಕೊಡಗಿನ ಮಳೆಯಲ್ಲಿ ಕೂತು ಕೆಲಸ ಮಾಡುವವರೇ ಹೇಳಬೇಕು. ನೀವು ಬರೆಯಲೇಬೇಕು ಎಂದು ನಾನು ಇಷ್ಟು ಒತ್ತಾಯ ಮಾಡುವುದು ಅದಕ್ಕೇ.

ಕೇಳುವಾಗ ಇನ್ನೊಂದು ವಿಷಯ ನೆನಪಿರಲಿ. ಇದ್ದದ್ದನ್ನು ಬದಲಿಸಿ ಎಂದರೆ ಗಿಟ್‌ನವರು ಬೇಗ ಒಪ್ಪುವುದಿಲ್ಲ, ಯಾರದೋ ಹಳೆಯ ಸ್ಕ್ರಿಪ್ಟ್ ಮುರಿಯುತ್ತದೆ ಎಂಬ ಭಯ. ಚೆಕ್‌ಔಟ್ ಕಮಾಂಡ್ ಬ್ರಾಂಚ್ ಬದಲಿಸುವುದು, ಫೈಲ್ ವಾಪಸ್ ತರುವುದು ಎರಡನ್ನೂ ಮಾಡಿ ಜನರನ್ನು ಗೊಂದಲಕ್ಕೆ ತಳ್ಳುತ್ತಿತ್ತು. 2019ರಲ್ಲಿ ಸ್ವಿಚ್, ರಿಸ್ಟೋರ್ ಎಂದು ಎರಡು ಹೊಸ ಕಮಾಂಡ್ ಕೊಟ್ಟರು, ಚೆಕ್‌ಔಟ್ ಮಾತ್ರ ಹಾಗೇ ಉಳಿಯಿತು. ಹೊಸ ಆಪ್ಷನ್ ಆಗಿ ಕೇಳಿದರೆ ದಾರಿ ಸುಲಭ.

ಅಲ್ಲಿಯವರೆಗೆ ನಿಮ್ಮ ಕೆಲಸ ನಡೆಯಬೇಕಲ್ವಾ? ಕ್ಲೋನ್ ಜೊತೆ ‘ಡೆಪ್ತ್ 1’ ಕೊಟ್ಟು ಕೊನೆಯ ಕಮಿಟ್ ಮಾತ್ರ ತನ್ನಿ. ಆಮೇಲೆ ಉಳಿದದ್ದನ್ನು ತರುವ ಫೆಚ್ ಕಮಾಂಡ್ ಜೊತೆ ‘ಡೀಪನ್’ ಆಪ್ಷನ್‌ಗೆ 100 ಎಂದು ಕೊಟ್ಟು, ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಹೋಗಿ. ಮುಗಿದ ಪ್ರತಿ ಕಂತೂ ನಿಮ್ಮಲ್ಲೇ ಉಳಿಯುತ್ತದೆ, ನೆಟ್ ಹೋದರೆ ಆ ಕಂತು ಮಾತ್ರ ಹೋಗುತ್ತದೆ. ಇಲ್ಲವೇ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಇರುವ ಸ್ನೇಹಿತರಿಗೆ ಗಿಟ್ ಬಂಡಲ್ ಮಾಡಿ, ಅಂದರೆ ಇಡೀ ರೆಪೊವನ್ನು ಒಂದೇ ಫೈಲಾಗಿ ಕಟ್ಟಿ, ನೆಟ್‌ನಲ್ಲಿ ಎಲ್ಲಾದರೂ ಇಡಲು ಹೇಳಿ. ಅದು ಮಾಮೂಲಿ ಫೈಲ್, ಡೌನ್‌ಲೋಡ್ ಮಾಡುವ ಡಬ್ಲ್ಯುಗೆಟ್ ಕಮಾಂಡಿಗೆ ‘ಸಿ’ ಆಪ್ಷನ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಇಳಿದ ಮೇಲೆ ಬಂಡಲ್‌ನಿಂದಲೇ ಕ್ಲೋನ್ ಮಾಡಿ, ರಿಮೋಟ್ ವಿಳಾಸವನ್ನು ಮೂಲ ಸರ್ವರಿನದಕ್ಕೆ ಬದಲಿಸಿಕೊಳ್ಳಿ.

ಮೇಲ್ ಕಳಿಸಿ ಒಂದೆರಡು ವಾರ ಉತ್ತರ ಬರದಿದ್ದರೆ ಬೇಜಾರು ಬೇಡ, ಅದೇ ಮೇಲಿಗೆ ಮರ್ಯಾದೆಯಿಂದ ಒಂದು ನೆನಪೋಲೆ ಹಾಕಿ. ಕಳಿಸುವ ಮೊದಲು ಕರಡನ್ನು ಇಲ್ಲೇ ಕೆಳಗೆ ಹಾಕಿದರೆ ನಾನು ಓದಿ ಹೇಳುತ್ತೇನೆ. ಗಿಟ್ ವರ್ಷನ್ ನಂಬರ್ ಮರೆಯದೆ ಸೇರಿಸಿ.