ಹತ್ತು ವರ್ಷದ ಆಸ್ಪತ್ರೆ ಖರ್ಚು ಈಗಲೇ ಹೇಗೆ ಗೊತ್ತು?

ಪ್ರಶ್ನೆ: ಮಗ ನ್ಯೂಜೆರ್ಸಿಯಲ್ಲಿದ್ದಾನೆ. ವರ್ಷ ವರ್ಷವೂ ಹೆಲ್ತ್ ಇನ್ಶೂರೆನ್ಸ್ ಕಂತು ಏರುತ್ತಿದೆ ಅಂತ ಗೊಣಗುತ್ತಾನೆ. 2033ಕ್ಕೆ ಅಮೆರಿಕದ ಆರೋಗ್ಯ ಖರ್ಚು ಜಿಡಿಪಿಯ ಶೇ 20.3 ಆಗುತ್ತದಂತೆ. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತಾರೆ? ವಯಸ್ಸಾದವರು ಜಾಸ್ತಿ ಆಗಿದ್ದೇ ಕಾರಣವಾ?
– ಓದುಗರೊಬ್ಬರು, ಸಾಗರ

ಉತ್ತರ: ಆ '.3' ಇದೆಯಲ್ಲ, ಅದನ್ನು ನಾನಂತೂ ನಂಬುವುದಿಲ್ಲ. ವಿಮಾ ಕಚೇರಿಯಲ್ಲಿ ಲೆಕ್ಕ ಹಾಕುತ್ತಲೇ ಕೂದಲು ಹಣ್ಣಾದವನು ನಾನು. ಅಂದಾಜಿಗೆ ಒಂದು ದಶಮಾಂಶ ಅಂಟಿಸಿದರೆ ಮೀಟಿಂಗ್‌ನಲ್ಲಿ ಯಾರೂ ತಕರಾರು ಎತ್ತುವುದಿಲ್ಲ!

ಈ ಅಂದಾಜು ಹಾಕುವವರು ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ವಿಮೆ), ಮೆಡಿಕೇಡ್ (ಬಡವರಿಗಿರುವ ಸರ್ಕಾರಿ ವಿಮೆ) ನಡೆಸುವ ಅಮೆರಿಕ ಸರ್ಕಾರದ ಇಲಾಖೆಯ ಆಕ್ಚುಯರಿಗಳು, ಅಂದರೆ ಮುಂದಿನ ಖರ್ಚು, ಅಪಾಯಗಳ ಲೆಕ್ಕ ಹಾಕುವ ತಜ್ಞರು. ಕಚೇರಿ ಇರುವುದು ಬಾಲ್ಟಿಮೋರ್ ಹತ್ತಿರ. ಮೊದಲು ಆಗಿಹೋದ ಖರ್ಚು ನೋಡುತ್ತಾರೆ: 2023ರಲ್ಲಿ 4.9 ಲಕ್ಷ ಕೋಟಿ ಡಾಲರ್, ಜಿಡಿಪಿಯ ಶೇ 17.6. ಆಮೇಲೆ ಜನರ ಆದಾಯ, ಚಿಕಿತ್ಸೆಯ ದರ, ವಯಸ್ಸು ಸೇರಿಸುತ್ತಾರೆ. ಆದಾಯ ಏರಿದ ವರ್ಷವೇ ಖರ್ಚು ಏರುವುದಿಲ್ಲ, ಸ್ವಲ್ಪ ತಡವಾಗಿ ಏರುತ್ತದೆ. ಅದನ್ನೂ ಲೆಕ್ಕಕ್ಕೆ ತರುತ್ತಾರೆ.

ವಯಸ್ಸಿನ ಪಾಲು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಹಿಂದೆ ಮಂಡಿ ಸವೆದವರು ಮಾತ್ರೆ ನುಂಗಿ ಕೋಲು ಹಿಡಿಯುತ್ತಿದ್ದರು, ಈಗ ಮಂಡಿಯನ್ನೇ ಬದಲಿಸುತ್ತಾರೆ. ವಯಸ್ಸು ಅದೇ, ಬಿಲ್ ಬೇರೆ.

ಲೆಕ್ಕ ತಪ್ಪಿದ್ದೂ ಉಂಟು. 2010ರ ಫೆಬ್ರುವರಿಯಲ್ಲಿ, 2019ಕ್ಕೆ ಖರ್ಚು ಜಿಡಿಪಿಯ ಶೇ 19.3, ಅಂದರೆ 4.5 ಲಕ್ಷ ಕೋಟಿ ಡಾಲರ್ ಅಂದಿದ್ದರು. ಮುಂದಿನ ತಿಂಗಳೇ ಹೆಚ್ಚು ಜನರಿಗೆ ಆರೋಗ್ಯ ವಿಮೆ ಕೊಡಿಸುವ ಒಬಾಮಾ ಕಾನೂನು ಬಂತು. ಅದನ್ನೂ ಸೇರಿಸಿ ಶೇ 19.6 ಅಂದರು. 2019 ಬಂದಾಗ ನೋಡಿದರೆ ಆಗಿದ್ದು ಸುಮಾರು 3.8 ಲಕ್ಷ ಕೋಟಿ, ಶೇ 18 ಕೂಡ ಮುಟ್ಟಲಿಲ್ಲ. 2008ರ ಆರ್ಥಿಕ ಹಿಂಜರಿತದ ಪೆಟ್ಟು ಬಹಳ ದಿನ ಎಳೆಯಿತು. ಕೊಲೆಸ್ಟ್ರಾಲ್‌ಗೆ ಕೋಟ್ಯಂತರ ಜನ ನುಂಗುತ್ತಿದ್ದ ಲಿಪಿಟರ್ ಥರದ ಮಾತ್ರೆಗಳ ಪೇಟೆಂಟ್ ಮುಗಿದು ಅಗ್ಗದ ಜೆನರಿಕ್ ಬಂದವು. 2020ರಲ್ಲಿ ಕೋವಿಡ್ ಬಂದು ಪಾಲು ಒಮ್ಮೆಲೇ ಶೇ 19 ದಾಟಿತು, ಆಮೇಲೆ ಇಳಿಯಿತು. ಇದನ್ನೆಲ್ಲ 2010ರಲ್ಲಿ ಯಾರು ಕಂಡಿದ್ದರು, ಅಲ್ವಾ?

ಇನ್ನೊಂದು ವಿಷಯ. ಈ ಅಂದಾಜು 'ಇವತ್ತಿನ ಕಾನೂನು ಹೀಗೇ ಇದ್ದರೆ' ಅನ್ನುವ ಷರತ್ತಿನದು. ನೀವು ಕೇಳಿದ ಶೇ 20.3 ಬಂದಿದ್ದು 2025ರ ಜೂನ್‌ನಲ್ಲಿ. ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಕಾನೂನು ಮೆಡಿಕೇಡ್ ಹಣಕ್ಕೆ ಕತ್ತರಿ ಹಾಕಿತು. ಅದು ಆ ಲೆಕ್ಕದೊಳಗೆ ಇಲ್ಲವೇ ಇಲ್ಲ.

ಮಗನ ಕಂತು ಎಷ್ಟಾಗುತ್ತದೆ ಅಂತ ಇದರಿಂದ ತಿಳಿಯುವುದಿಲ್ಲ. ವರ್ಷದ ಕೊನೆಗೆ ಅವನ ಕಂಪನಿ ಕಳಿಸುವ ಕಾಗದ ನೋಡಲು ಹೇಳಿ. ಕಂತು ಮಾತ್ರ ಅಲ್ಲ, ವಿಮೆಯವರು ಬಿಲ್ ಕಟ್ಟಲು ಶುರು ಮಾಡುವ ಮೊದಲು ತಾನೇ ಕೈಯಿಂದ ಕಟ್ಟಬೇಕಾದ ಡಿಡಕ್ಟಿಬಲ್ ಎಷ್ಟು ಏರಿದೆ ಅಂತಲೂ ನೋಡಲಿ.