ಟೀಚರ್ ಉತ್ತರ: ಮಾಣಿಯಾಗಿ ಮೇಲೆ ಬಂದವರ ಲೆಕ್ಕ

ಪ್ರಶ್ನೆ: ಟೀಚರ್, ನಮಸ್ಕಾರ. ನಾನು ಕುಂದಾಪುರ ಕಡೆಯವನು. ಹನ್ನೊಂದನೇ ವಯಸ್ಸಿಗೆ ಮುಂಬೈಗೆ ಬಂದು ಹೋಟೆಲಲ್ಲಿ ಕಪ್ಪು-ಬಸಿ ತೊಳೆದೆ, ರಾತ್ರಿ ಶಾಲೆಗೆ ಹೋಗಿ ಹತ್ತನೇ ತರಗತಿ ಪಾಸಾದೆ. ಈಗ ನನ್ನದೇ ಸಣ್ಣ ಹೋಟೆಲ್ ಇದೆ. ಊರಿಂದ ದೂರದ ಸಂಬಂಧಿಕರೊಬ್ಬರು 12 ವರ್ಷದ ಹುಡುಗನನ್ನು ತಂದು ಬಿಟ್ಟು ಹೋಗಿದ್ದಾರೆ. ಅವನಿಗೆ ತಂದೆ ಇಲ್ಲ, ತಾಯಿ ಬೀಡಿ ಕಟ್ಟುತ್ತಾರೆ. ಊಟ, ಬಟ್ಟೆ, ತಿಂಗಳಿಗೆ ಸ್ವಲ್ಪ ದುಡ್ಡು ಕೊಡುತ್ತೇನೆ. ನನ್ನ ಮಗಳು ಮಾತ್ರ "ಅಪ್ಪಾ, ಇದು ತಪ್ಪು" ಅಂತ ದಿನಾ ಜಗಳ. ನಾವೆಲ್ಲ ಹೀಗೇ ಅಲ್ವಾ ಮೇಲೆ ಬಂದದ್ದು?
– ಓದುಗರು, ಘಾಟ್ಕೋಪರ್

ಉತ್ತರ: ಮಗಳು ಹೇಳಿದ್ದೇ ಸರಿ. 2006ರ ಅಕ್ಟೋಬರ್ 10ರಿಂದಲೇ 14 ವರ್ಷದೊಳಗಿನ ಮಕ್ಕಳನ್ನು ಹೋಟೆಲಲ್ಲಿ, ಢಾಬಾದಲ್ಲಿ, ಮನೆಗೆಲಸದಲ್ಲಿ ಇಟ್ಟುಕೊಳ್ಳುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2016ರ ತಿದ್ದುಪಡಿ ಬಂದ ಮೇಲೆ ಯಾವ ಕೆಲಸಕ್ಕೂ ಇಲ್ಲ. ಇಟ್ಟುಕೊಂಡವರಿಗೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಎರಡೂ ಆಗಬಹುದು. ಮನೆಯವರದೇ ವ್ಯಾಪಾರ ಆದರೆ ಒಂದು ಸಣ್ಣ ವಿನಾಯಿತಿ ಇದೆ. ಅಲ್ಲಿ ಮನೆಯವರು ಅಂದರೆ ತಂದೆ-ತಾಯಿ, ಒಡಹುಟ್ಟಿದವರು, ಹೆಚ್ಚೆಂದರೆ ಸ್ವಂತ ಚಿಕ್ಕಪ್ಪ, ಸೋದರಮಾವ, ಅತ್ತೆ, ಚಿಕ್ಕಮ್ಮ ಇಂಥವರು. ಅದೂ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಸ್ವಲ್ಪ ಕೈಜೋಡಿಸುವುದಕ್ಕೆ ಮಾತ್ರ. ದೂರದ ಸಂಬಂಧಕ್ಕೆ ಅದು ಅನ್ವಯಿಸುವುದಿಲ್ಲ.

ಆದರೆ ನೀವು ಕೇಳಿದ್ದು ಕಾನೂನಿನ ಪ್ರಶ್ನೆ ಅಲ್ಲ, ನನಗೆ ಗೊತ್ತು.

ನಾನು ಫೋರ್ಟ್ ಕಡೆಯ ಒಂದು ರಾತ್ರಿ ಶಾಲೆಯಲ್ಲಿ ವರ್ಷಗಟ್ಟಲೆ ಗಣಿತ ಕಲಿಸಿದವಳು. ನಿಮ್ಮಂಥ ಹುಡುಗರೇ ನನ್ನ ಮುಂದೆ ಕೂತಿದ್ದರು. ದಿನವಿಡೀ ಸೋಡಾ ನೀರಿನಲ್ಲಿ ಕೈ ಅದ್ದಿ ಬೆರಳ ಸಂದಿ ಬೆಳ್ಳಗೆ ಬಿರಿದಿರುತ್ತಿತ್ತು, ಬೆರಳು ಮಡಚಿದರೆ ಉರಿ, ಅದಕ್ಕೆ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಬರೆಯುತ್ತಿದ್ದರು. ಒಬ್ಬ ಹುಡುಗ ಗೋಡೆಗೆ ಒರಗಿ ನಿಂತೇ ಪಾಠ ಕೇಳುತ್ತಿದ್ದ. ಕೂತ್ಕೋ ಮಗಾ ಅಂದರೆ, "ಕೂತರೆ ನಿದ್ದೆ ಬರುತ್ತದೆ ಟೀಚರ್" ಅನ್ನುತ್ತಿದ್ದ. ಭಿನ್ನರಾಶಿ ಲೆಕ್ಕವನ್ನು ಇಡೀ ಕ್ಲಾಸಿನಲ್ಲಿ ಮೊದಲು ಮಾಡುತ್ತಿದ್ದವನು ಅವನೇ. ಏಳನೇ ತರಗತಿಯಲ್ಲಿ ದೀಪಾವಳಿ ರಜೆ ಮುಗಿದ ಮೇಲೆ ಬರಲಿಲ್ಲ. ಹೋಟೆಲಿಗೆ ಹೋಗಿ ಕೇಳಿದೆ, ಬೇರೆ ಕಡೆ ಹೋದ ಅಂದರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ.

ನೀವು ಕಷ್ಟಪಟ್ಟು ಮೇಲೆ ಬಂದಿರಿ, ಅದು ದೊಡ್ಡ ಮಾತು. ನಮ್ಮ ಸಂಘಗಳ ವಾರ್ಷಿಕೋತ್ಸವದಲ್ಲಿ ಶಾಲು ಹೊದೆಸಿ ಹಾರ ಹಾಕುವುದು ನಿಮ್ಮಂಥವರಿಗೇ, ಮೈಕಿನಲ್ಲಿ ಕೇಳುವುದೂ ನಿಮ್ಮ ಕಥೆಯನ್ನೇ. ಗೋಡೆಗೆ ಒರಗಿ ನಿಂತಿದ್ದ ಹುಡುಗನಿಗೆ ಆಮಂತ್ರಣ ಹೋಗುವುದಿಲ್ಲ. ಆದ್ದರಿಂದ "ನಾವೆಲ್ಲ" ಅನ್ನುವಾಗ ಅವನು ನಮ್ಮ ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನೊಂದು ಮಾತು. ಮೊಗವೀರರು, ಬಿಲ್ಲವರು, ಬಂಟರು ತಮ್ಮ ತಮ್ಮ ಸಂಘಗಳಿಂದ ಈ ಊರಿನಲ್ಲಿ ರಾತ್ರಿ ಶಾಲೆ ನಡೆಸಿದರಲ್ಲ, ಯಾಕೆ? ಮಕ್ಕಳು ದುಡಿಯುವುದು ಒಳ್ಳೆಯದು ಅಂತಲ್ಲ. ಊರಲ್ಲಿ ಗತಿ ಇಲ್ಲದೆ ಬಂದ ಮಕ್ಕಳು ಅಕ್ಷರ ಇಲ್ಲದೆ ಮೋರಿ ಹತ್ತಿರವೇ ಉಳಿದುಬಿಡಬಾರದು ಅಂತ. ನಿಮಗೆ ಆಗ ಬೇರೆ ದಾರಿ ಇರಲಿಲ್ಲ. ಈ ಹುಡುಗನಿಗೆ ಇದೆ. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆ ಹಕ್ಕು. ನಡುವೆ ಓದು ಬಿಟ್ಟಿದ್ದರೂ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದ ಪಾಠಕ್ಕೆ ಬೇರೆ ತರಬೇತಿ ಕೊಡಬೇಕು.

ನನ್ನ ಕೇಳಿದರೆ ಹುಡುಗ ತಾಯಿ ಹತ್ತಿರ ಇರಲಿ. ಸುಮ್ನೆ ಬಸ್ ಹತ್ತಿಸಿ ಕೈ ತೊಳೆದುಕೊಳ್ಳಬೇಡಿ, ಹಾಗೆ ಮಾಡಿದರೆ ಮುಂದಿನ ತಿಂಗಳು ಇನ್ಯಾವುದೋ ಹೋಟೆಲಲ್ಲಿ ಇರುತ್ತಾನೆ. ನೀವೇ ಕರೆದುಕೊಂಡು ಹೋಗಿ ಸರ್ಕಾರಿ ಶಾಲೆಗೆ ಸೇರಿಸಿ. ಪುಸ್ತಕ, ಸಮವಸ್ತ್ರ, ಬಿಸಿಯೂಟ ಅಲ್ಲೇ ಸಿಗುತ್ತದೆ. ಈಗ ಅವನಿಗೆ ಕೊಡುವ ದುಡ್ಡನ್ನು ಎರಡು ಮೂರು ವರ್ಷ ತಾಯಿಗೆ ಕಳಿಸಿ. ಆ ತಾಯಿಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ ಅಂತಲೂ ಕೇಳಿ. ಬೀಡಿ ಕಾರ್ಮಿಕರ ಮಕ್ಕಳ ಓದಿಗೆ ಕೇಂದ್ರ ಸರ್ಕಾರದ ಸಹಾಯಧನ ಇದೆ, ಚೀಟಿ ಮಾಡಿಸದೆ ಎಷ್ಟೋ ಜನ ಅದನ್ನು ಕಳೆದುಕೊಳ್ಳುತ್ತಾರೆ. ತಾಯಿಗೆ ನಿಜಕ್ಕೂ ಸಾಕಲು ಆಗುವುದೇ ಇಲ್ಲ ಅಂತಾದರೆ, ನಿಮ್ಮ ಮನೆಯಲ್ಲೇ ಮಗನ ಹಾಗೆ ಇಟ್ಟುಕೊಂಡು ಓದಿಸಿ. ಮುಂಬೈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಆದರೆ ಬೆಳಗ್ಗೆ ಹೋಟೆಲ್, ಆಮೇಲೆ ಶಾಲೆ ಅನ್ನುವ ಹೊಂದಾಣಿಕೆ ಬೇಡವೇ ಬೇಡ. ಕೂತರೆ ನಿದ್ದೆ ಬರುತ್ತದೆ.

ಪ್ರಶ್ನೆ: ಅಕ್ಕೋರೆ, ಪುಣೆಯಲ್ಲಿ ನಮ್ಮ ಸೊಸೈಟಿ ಪಕ್ಕ ದೊಡ್ಡ ಬಿಲ್ಡಿಂಗ್ ಏಳುತ್ತಿದೆ. ಕೆಲಸದವರು ನಮ್ಮ ಯಾದಗಿರಿ ಕಡೆಯಿಂದ ಗುಳೆ ಬಂದವರು. ಎಂಟೊಂಬತ್ತು ವರ್ಷದ ಹುಡುಗಿ ದಿನಪೂರ್ತಿ ತಮ್ಮನನ್ನು ಕಂಕುಳಲ್ಲಿ ಹೊತ್ತು ತಿರುಗುತ್ತಾಳೆ. ಅವಳು ಇಟ್ಟಿಗೆ ಹೊರುವುದಿಲ್ಲ. ಇದಕ್ಕೂ ಬಾಲಕಾರ್ಮಿಕ ಅನ್ನಬೇಕಾ?
– ಓದುಗರು, ವಾಕಡ್

ಉತ್ತರ: ಏನು ಅಂತ ಕರೆದರೂ ಅವಳ ಶಾಲೆ ಹೋಯಿತು ಅಲ್ವಾ? ಅವಳು ಕೂಸನ್ನು ನೋಡಿಕೊಳ್ಳುವುದರಿಂದಲೇ ತಾಯಿಗೆ ಪಗಾರ ಸಿಗುತ್ತಿದೆ. ಅಂದರೆ ಅವಳೂ ದುಡಿಯುತ್ತಿದ್ದಾಳೆ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ ಅಷ್ಟೇ.

ಮೊದಲು ತಮ್ಮನಿಗೆ ಜಾಗ ಹುಡುಕಿ. ತುಂಬಾ ಜನ ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಬೇಕು ಅಂತ ಕಾನೂನಿದೆ. ಇಲ್ಲದಿದ್ದರೆ ಹತ್ತಿರದ ಅಂಗನವಾಡಿ ನೋಡಿ. ಕೂಸು ಕಂಕುಳಿಂದ ಇಳಿದರೆ ಹುಡುಗಿ ಶಾಲೆಗೆ ಹೋಗುತ್ತಾಳೆ. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ, ವರ್ಷದ ನಡುವೆ ಬಂದಳು, ಈ ಯಾವ ಕಾರಣಕ್ಕೂ ಶಾಲೆಯವರು ಬೇಡ ಅನ್ನುವಂತಿಲ್ಲ. ಅಪ್ಪ-ಅಮ್ಮ ಇಬ್ಬರೇ ಹೋದರೆ ಮರಾಠಿ ಬಾರದೆ ಗೇಟಿನಲ್ಲೇ ತಿರುಗಿ ಬರುತ್ತಾರೆ. ನಿಮಗೆ ಎರಡೂ ಭಾಷೆ ಬರುತ್ತದೆ, ಒಂದು ಬೆಳಗ್ಗೆ ರಜೆ ಹಾಕಿ ಜೊತೆಗೆ ಹೋಗಿ. ಆಮೇಲೂ ಸಂಜೆ ಅರ್ಧ ಗಂಟೆ ಅವಳಿಗೆ ಮರಾಠಿ ಅಕ್ಷರ ತೋರಿಸಿ. ಪುಣೆಯಲ್ಲಿ ಡೋರ್ ಸ್ಟೆಪ್ ಸ್ಕೂಲ್ ಅನ್ನುವ ಸಂಸ್ಥೆ ಇಂಥ ಸೈಟುಗಳಲ್ಲೇ ಮಕ್ಕಳಿಗೆ ಕಲಿಸುತ್ತದೆ, ಅವರನ್ನೂ ಕೇಳಿ ನೋಡಿ. ಯಾರಾದರೂ ಮಕ್ಕಳನ್ನು ಹೊಡೆದು ಬಡಿದು ದುಡಿಸುವುದು ಕಂಡರೆ ಮಾತ್ರ ಕಾಯಬೇಡಿ, 1098ಕ್ಕೆ ಫೋನ್ ಮಾಡಿ. ದುಡ್ಡು ಬೀಳುವುದಿಲ್ಲ.

ಪ್ರಶ್ನೆ: ನನಗೆ 16. ಹತ್ತನೇ ತರಗತಿ ಗಣಿತದಲ್ಲಿ ಫೇಲ್. ಅಪ್ಪನಿಗೆ ಹುಷಾರಿಲ್ಲ. ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಹೋಗಲಾ?
– ಓದುಗ, ವಾಸ್ಕೋ

ಉತ್ತರ: ಹೋಗಪ್ಪಾ, ನಿನ್ನ ವಯಸ್ಸಿಗೆ ಅಪಾಯ ಇಲ್ಲದ ಕೆಲಸ ಮಾಡಬಹುದು. ಆದರೆ ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು, ಸಂಜೆ 7ರ ಮೇಲೆ ಬೆಳಗ್ಗೆ 8ರ ತನಕ ಕೆಲಸ ಮಾಡಿಸಬಾರದು ಅಂತ ಕಾನೂನೇ ಇದೆ. ಮಾಲೀಕರಿಗೆ ಮೊದಲ ದಿನವೇ ಹೇಳು, ಆಮೇಲೆ ಹೇಳುವುದು ಕಷ್ಟ. ಒಂದೇ ವಿಷಯ ಉಳಿದಿರುವುದು, ಪೂರಕ ಪರೀಕ್ಷೆಗೆ ಈಗಲೇ ಹೆಸರು ಕೊಡು. ನಿನ್ನ ಗಣಿತದ ಪ್ರಶ್ನೆಪತ್ರಿಕೆ ಇದ್ದರೆ ಎಲ್ಲಿ ತೊಡಕಾಯಿತು ಅಂತ ಗುರುತು ಹಾಕಿ ಪತ್ರಿಕೆಯ ವಿಳಾಸಕ್ಕೆ ಕಳಿಸು. ಲೆಕ್ಕ ಬಿಡಿಸಿ, ಹಂತ ಹಂತವಾಗಿ ಬರೆದು ವಾಪಸ್ ಕಳಿಸುತ್ತೇನೆ.