ಹಂದಿಗೆ ನಾರಿನಂಶ ಎಷ್ಟು ಬೇಕು?

ಪ್ರಶ್ನೆ: ಕಾರವಾರ ತಾಲೂಕಿನಲ್ಲಿ ಸಣ್ಣ ಪ್ರಮಾಣದಲ್ಲಿ ಮಿಶ್ರತಳಿ ಹಂದಿಗಳನ್ನು ಸಾಕುತ್ತಿದ್ದೇನೆ. ಸಿದ್ಧ ಆಹಾರದ ಬೆಲೆ ಕೈಗೆಟುಕದ ಕಾರಣ ಊರಿನ ಗಿರಣಿಯ ತೌಡು ಮತ್ತು ಕೊಚ್ಚಿದ ಬಾಳೆದಿಂಡನ್ನೇ ಹೆಚ್ಚಾಗಿ ಹಾಕುತ್ತಿದ್ದೇನೆ. ಮೂರು ತಿಂಗಳ ಮರಿಗಳ ಹೊಟ್ಟೆ ಮಾತ್ರ ಉಬ್ಬುತ್ತಿದೆ, ತೂಕ ಏರುತ್ತಿಲ್ಲ. ಅದೇ ಆಹಾರ ತಿನ್ನುವ ಗಬ್ಬದ ಹಂದಿ ಚೆನ್ನಾಗಿಯೇ ಇದೆ. ನಾರು ಹಂದಿಗೆ ಒಳ್ಳೆಯದೋ, ಕೆಟ್ಟದ್ದೋ?

ಉತ್ತರ: ನೀವು ಗಮನಿಸಿದ ಎರಡೂ ಸಂಗತಿಗಳಿಗೆ ಕಾರಣ ಒಂದೇ. ಹಂದಿ ಮೆಲುಕು ಹಾಕುವ ಪ್ರಾಣಿಯಲ್ಲ. ನಾರನ್ನು ಒಡೆಯುವ ಕಿಣ್ವ ಅದರ ದೇಹದಲ್ಲಿ ಉತ್ಪತ್ತಿಯಾಗುವುದಿಲ್ಲ. ಸಣ್ಣ ಕರುಳನ್ನು ಬಹುಮಟ್ಟಿಗೆ ಹಾಗೆಯೇ ದಾಟಿ ಬಂದ ನಾರನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್ ಮತ್ತು ಬ್ಯುಟಿರಿಕ್ ಆಮ್ಲಗಳನ್ನಾಗಿ ಮಾರ್ಪಡಿಸುತ್ತವೆ. ಇವು ರಕ್ತ ಸೇರಿ ಶಕ್ತಿ ಕೊಡುತ್ತವೆ, ಬ್ಯುಟಿರಿಕ್ ಆಮ್ಲವಂತೂ ಕರುಳಿನ ಒಳಪದರಕ್ಕೇ ಆಹಾರ. ಆದರೆ ಹುದುಗುವಾಗ ಒಂದಷ್ಟು ಶಕ್ತಿ ಅನಿಲವಾಗಿ, ಶಾಖವಾಗಿ ಕಳೆದುಹೋಗುವುದರಿಂದ, ಪಿಷ್ಟ ಜೀರ್ಣವಾದಾಗ ಸಿಗುವಷ್ಟು ಲಾಭ ನಾರಿನಿಂದ ಸಿಗದು. ದೊಡ್ಡ ಹಂದಿಯ ಕರುಳು ವಿಶಾಲವಾಗಿದ್ದು ಆಹಾರ ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಮರಿಗೆ ಆ ಅನುಕೂಲವಿಲ್ಲ. ಬೇಕಾದ ಶಕ್ತಿ, ಪ್ರೋಟೀನು ದೊರೆಯುವ ಮೊದಲೇ ಅದರ ಹೊಟ್ಟೆ ತುಂಬಿಬಿಡುತ್ತದೆ. ನಾರು ಹೆಚ್ಚಾದರೆ ಕರುಳಿನ ತೂಕವೂ ಹೆಚ್ಚುವುದರಿಂದ, ಜೀವಂತ ತೂಕ ಸರಿಯಿದ್ದಂತೆ ಕಂಡರೂ ಕಡಿದಾಗ ಮಾಂಸದ ಪಾಲು ಕಡಿಮೆ ಬರುತ್ತದೆ.

ನನ್ನ ಅನುಮಾನವಿರುವುದು ಮುಖ್ಯವಾಗಿ ನಿಮ್ಮ ತೌಡಿನ ಮೇಲೆ. ಭತ್ತದ ಸಿಪ್ಪೆಯನ್ನು ಬೇರ್ಪಡಿಸಿದ ಮೇಲೆ ಅಕ್ಕಿಯನ್ನು ಪಾಲಿಶ್ ಮಾಡುವ ಗಿರಣಿಯ ತೌಡಿನಲ್ಲಿ ನಾರು ಸುಮಾರು ಶೇ 8ರಿಂದ 12, ಪ್ರೋಟೀನು ಶೇ 12ರಿಂದ 14 ಇರುತ್ತದೆ. ಒಂದೇ ಹಲ್ಲರ್‌ನಲ್ಲಿ ಭತ್ತ ಸುಲಿಯುವ ಹಳೆಯ ಗಿರಣಿಯ ತೌಡಿನಲ್ಲಾದರೋ ಹೊಟ್ಟು ಪುಡಿಯಾಗಿ ಬೆರೆತಿರುತ್ತದೆ. ಭತ್ತದ ಹೊಟ್ಟಿನಲ್ಲಿರುವ ಲಿಗ್ನಿನ್ (ಮರದಂತೆ ಗಟ್ಟಿಯಾದ ಅಂಶ) ಮತ್ತು ಸಿಲಿಕಾ (ಮರಳಿನಂಥ ಖನಿಜ) ಸೂಕ್ಷ್ಮಜೀವಿಗಳಿಗೂ ದಕ್ಕುವುದಿಲ್ಲ. ಒಂದು ಹಿಡಿ ತೌಡನ್ನು ಬೆರಳುಗಳ ನಡುವೆ ಉಜ್ಜಿ ನೋಡಿ: ಒಳ್ಳೆಯದಾದರೆ ಎಣ್ಣೆಯ ಪಸೆಯಿಂದ ಮೆತ್ತಗೆ ಅಂಟಿಕೊಳ್ಳುತ್ತದೆ, ಹೊಟ್ಟು ಬೆರೆತಿದ್ದರೆ ಚುಚ್ಚುತ್ತದೆ, ಮೆಲ್ಲಗೆ ಊದಿದರೆ ಹಾರುತ್ತದೆ. ಮರಿಗಳ ಮಲವನ್ನು ನೀರಿನಲ್ಲಿ ಕದಡಿದರೆ ಹೊಟ್ಟಿನ ಚೂರುಗಳು ಹಾಗೆಯೇ ಕಾಣುತ್ತವೆ. ಕರಾವಳಿಯಲ್ಲಿ ಸಿಗುವ ಕುಚ್ಚಲಕ್ಕಿಯ ತೌಡು ಬೆಳ್ತಿಗೆಯದಕ್ಕಿಂತ (ಬೇಯಿಸದ ಭತ್ತದ ಅಕ್ಕಿಯದಕ್ಕಿಂತ) ಉತ್ತಮ. ಭತ್ತ ಬೇಯಿಸುವಾಗ ಎಣ್ಣೆಯನ್ನು ಕೆಡಿಸುವ ಕಿಣ್ವ ನಾಶವಾಗುವುದರಿಂದ ಬೇಗ ಕಮಟುವುದಿಲ್ಲ. ಬೆಳ್ತಿಗೆಯ ತೌಡನ್ನು ಮಳೆಗಾಲದಲ್ಲಿ ವಾರಗಟ್ಟಲೆ ಇಡಬೇಡಿ.

ಒಟ್ಟು ಆಹಾರದಲ್ಲಿ ಕಚ್ಚಾ ನಾರಿನಂಶ (ಪ್ರಯೋಗಾಲಯದಲ್ಲಿ ಅಳೆಯುವ ನಾರಿನ ಪ್ರಮಾಣ) ಎಳೆಯ ಮರಿಗಳಿಗೆ ಶೇ 5, ಬೆಳೆಯುವ ಹಂದಿಗಳಿಗೆ ಶೇ 6, ಮಾರಾಟಕ್ಕೆ ಸಿದ್ಧವಾಗುವವಕ್ಕೆ ಶೇ 8 ಮೀರದಿರುವುದು ಒಳ್ಳೆಯದು. ಆದ್ದರಿಂದ ನಿಮ್ಮ ಮರಿಗಳ ಆಹಾರದಲ್ಲಿ ಒಳ್ಳೆಯ ತೌಡು ಕಾಲುಭಾಗಕ್ಕಿಂತ ಹೆಚ್ಚು ಬೇಡ. ಅರ್ಧದಷ್ಟು ಮೆಕ್ಕೆಜೋಳ ಅಥವಾ ಬೇಯಿಸಿದ ನುಚ್ಚು, ಉಳಿದುದಕ್ಕೆ ಶೇಂಗಾ ಅಥವಾ ಸೋಯಾ ಹಿಂಡಿ, ಸ್ವಲ್ಪ ಒಣಮೀನಿನ ಪುಡಿ ಮತ್ತು ಖನಿಜ ಮಿಶ್ರಣ ಸೇರಿಸಿ. ಆದರೆ ಉಪ್ಪು ಹಾಕಿ ಒಣಗಿಸಿದ ಮೀನನ್ನು ಕೊಡಬೇಡಿ. ಕುಡಿಯುವ ನೀರು ಕಡಿಮೆಯಾದರೆ ಹಂದಿಗಳಿಗೆ ಉಪ್ಪಿನ ವಿಷಬಾಧೆ ಬರುತ್ತದೆ. ಬಾಳೆದಿಂಡಿನಲ್ಲಿ ಶೇ 90ಕ್ಕೂ ಹೆಚ್ಚು ನೀರೇ ಇರುವುದರಿಂದ ಅದನ್ನು ಮರಿಗಳಿಗೆ ನಿಲ್ಲಿಸಿಬಿಡಿ.

ಗಬ್ಬದ ಹಂದಿಗೆ ಬಾಳೆದಿಂಡು ಸಲ್ಲುತ್ತದೆ. ಗಬ್ಬದ ಅವಧಿಯಲ್ಲಿ ಬೊಜ್ಜು ಬೆಳೆಯದಂತೆ ಆಹಾರವನ್ನು ಮಿತಿಗೊಳಿಸಬೇಕಾಗುತ್ತದೆ. ನಾರು ಹೊಟ್ಟೆ ತುಂಬಿದ ತೃಪ್ತಿ ಕೊಡುವುದರಿಂದ ಅದು ಕಂಬಿ ಕಚ್ಚುವುದು, ಚಡಪಡಿಸುವುದು ಕಡಿಮೆಯಾಗುತ್ತದೆ, ಮರಿ ಹಾಕುವ ಹೊತ್ತಿನ ಮಲಬದ್ಧತೆಯೂ ತಪ್ಪುತ್ತದೆ. ಆದರೆ ಹಾಲೂಡಿಸುವಾಗ ಅದಕ್ಕೆ ಶಕ್ತಿಯ ಅಗತ್ಯ ಬಹಳ ಹೆಚ್ಚುತ್ತದೆ. ಆಗಲೂ ದಿಂಡನ್ನೇ ಹಾಕುತ್ತಾ ಹೋದರೆ ಹಂದಿ ಬಡಕಲಾಗಿ, ಮರಿಗಳಿಗೆ ಹಾಲು ಸಾಲದೆ ಹೋಗುತ್ತದೆ.

ಆಹಾರವನ್ನು ಒಮ್ಮೆಲೇ ಬದಲಿಸದೆ, ಒಂದು ವಾರದಿಂದ ಹತ್ತು ದಿನಗಳವರೆಗೆ ಹಳೆಯದರ ಪಾಲನ್ನು ಇಳಿಸುತ್ತಾ ಹೊಸದನ್ನು ಏರಿಸಿ. ಕರುಳಿನ ಸೂಕ್ಷ್ಮಜೀವಿಗಳಿಗೆ ಹೊಂದಿಕೊಳ್ಳಲು ಅಷ್ಟು ಕಾಲ ಬೇಕು. ಬದಲಿಸುವ ಮುನ್ನ ಜಂತುಹುಳುವಿನ ಔಷಧಿಯ ಬಗ್ಗೆ ಪಶುವೈದ್ಯರನ್ನು ಕೇಳಿ, ಏಕೆಂದರೆ ಉಬ್ಬಿದ ಹೊಟ್ಟೆಗೆ ಹುಳುಗಳೂ ಕಾರಣವಾಗಿರಬಹುದು.